ತಪ್ಪು ಉತ್ತರದ ಪಾತ್ರ

"ಎಲ್ರೂ ಕೈ ಎತ್ತಿ!" ಎಂದರು ಕುರಾಮೋಚಿ ಮೇಷ್ಟ್ರು.

ಮೂರನೇ ತರಗತಿಯ ಮೂವತ್ತೊಂದು ಕೈಗಳು ಒಟ್ಟಿಗೆ ಎದ್ದವು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಇದು ಮೇಷ್ಟ್ರು ಮಕ್ಕಳೊಂದಿಗೆ ಗುಟ್ಟಾಗಿ ಮಾಡಿಕೊಂಡ ಏರ್ಪಾಡು. ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದ ಪರವೂರಿನ ನಲವತ್ತು ಶಿಕ್ಷಕರಿಗೆ ಮಾತ್ರ ತರಗತಿಗೆ ತರಗತಿಯೇ ಜಾಣರಿಂದ ತುಂಬಿದಂತೆ ಕಂಡಿತು. ಶಾಲೆ ಕೊಟ್ಟ ಹಸಿರು ಚಪ್ಪಲಿ ಮೆಟ್ಟಿಕೊಂಡು ಅವರೆಲ್ಲ ಗಂಭೀರವಾಗಿ ಬರೆದುಕೊಂಡರು.

ಮಾಯೆಬಾಶಿ ನಗರದ ಆ ಶಾಲೆಯಲ್ಲಿ ಅಂದು ಪ್ರದರ್ಶನ ಪಾಠ, ಬೇರೆ ಶಾಲೆಗಳ ಶಿಕ್ಷಕರು ನೋಡಿ ಕಲಿಯಲೆಂದು ನಡೆಸುವಂಥದು. ಎರಡು ಮೀಟರಿನ ಕಾಗದದ ಪಟ್ಟಿಯನ್ನು ನಾಲ್ಕು ಸಮಭಾಗ ಮಾಡಿದರೆ ಒಂದು ತುಂಡು ಎಷ್ಟು ಮೀಟರ್? ಯಾವುದಾದರೂ ಮಗು ಕಾಲು ಮೀಟರ್ ಎಂದು ಎಡವುತ್ತದೆ, ಉಳಿದವರು ಪಟ್ಟಿ ಮಡಚಿ, ಅಳೆದು, ಅರ್ಧ ಮೀಟರ್ ಎಂದು ಕಂಡುಕೊಳ್ಳುತ್ತಾರೆ. ಒಳ್ಳೆಯ ಮೇಷ್ಟ್ರು ಆ ಎಡವುವಿಕೆಗಾಗಿ ಕಾಯುತ್ತಾರೆ. ಕುರಾಮೋಚಿಯವರಿಗೆ ಕಾಯುವಷ್ಟು ಧೈರ್ಯವಿರಲಿಲ್ಲ. ನಾಟಕದ ಪಾತ್ರ ಹಂಚುವಂತೆ ಹಂಚಿ, ಇದೇ ಮಕ್ಕಳಿಂದ ಮೂರು ಸಲ ತಾಲೀಮು ಮಾಡಿಸಿದ್ದರು.

ತಪ್ಪು ಹೇಳುವ ಪಾತ್ರ ಫುಯುಕಾಳದು.

"ನಿಂಗೆ ಹೇಗಿದ್ರೂ ತಪ್ಪೇ ಬರುತ್ತಲ್ಲಮ್ಮ, ಅದನ್ನೇ ಹೇಳಿಬಿಡು. ಎಡಗೈ ಎತ್ತು, ನಾನು ಕರೀತೀನಿ," ಎಂದು ನಗುನಗುತ್ತಲೇ ಹೇಳಿದ್ದರು. ಎಂಟು ವರ್ಷದ ಮಗುವಿಗೆ ಹೀಗೆ ಹೇಳಲು ಎಂಥ ನಾಲಿಗೆ ಬೇಕು!

ಆದರೆ ಮೂರು ಸಲ ಮಡಚಿ ಅಳೆಯುವಷ್ಟರಲ್ಲಿ ಫುಯುಕಾಳಿಗೆ ಲೆಕ್ಕ ನಿಜವಾಗಿಯೂ ಅರ್ಥವಾಗಿಬಿಟ್ಟಿತ್ತು. ಕಲಿಸಿದವರಿಗೆ ಆ ಸಾಧ್ಯತೆ ಹೊಳೆದೇ ಇರಲಿಲ್ಲ.

ಈಗ ಅವಳು ಎತ್ತಿದ್ದು ಬಲಗೈ. ಪಾಪ, ಎಡಬಲ ಮರೆತಿದ್ದಾಳೆ ಅಂದುಕೊಂಡು ಮೇಷ್ಟ್ರು ಕರೆದರು.

"ಅರ್ಧ ಮೀಟರ್," ಎಂದಳು ಫುಯುಕಾ.

ಮೇಷ್ಟ್ರ ಮುಖದ ನಗು ಹಾಗೇ ನಿಂತಿತು. "ಹೌದಾ? ಸರಿಯಾಗಿ ಯೋಚನೆ ಮಾಡು. ನಿನ್ನೆ... ಅಂದ್ರೆ, ನಾಲ್ಕು ಭಾಗ ಮಾಡಿದ್ವಲ್ವಾ? ನಾಲ್ಕರಲ್ಲಿ ಒಂದು ಅಂದ್ರೆ?"

"ನಾಲ್ಕು ಭಾಗ ಮಾಡಿದ್ದು ಎರಡು ಮೀಟರನ್ನ, ಮೇಷ್ಟ್ರೇ. ಒಂದು ಮೀಟರನ್ನಲ್ಲ. ಬೇಕಾದ್ರೆ ನೋಡಿ."

ಅವಳು ಎದ್ದು ಬಂದು ನಾಲ್ಕಾಗಿ ಮಡಚಿದ ತನ್ನ ಪಟ್ಟಿಯನ್ನು ಕರಿಹಲಗೆಯ ಮೇಲಿನ ಅಳತೆಪಟ್ಟಿಗೆ ಹಿಡಿದಳು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಆ ಕಡೆ ತಿರುಗಿಯೂ ನೋಡದೆ, ಮೊದಲೇ ಬರೆದಿಟ್ಟುಕೊಂಡಿದ್ದ ರಟ್ಟನ್ನು ತೆಗೆದು ಹಲಗೆಗೆ ಅಂಟಿಸಿದರು. 'ಫುಯುಕಾಳ ಆಲೋಚನೆ: ಕಾಲು ಮೀಟರ್.'

ಕೂಡಲೇ ತಾದೊಕೊರೊ ಎಂಬ ಜಾಣ ಹುಡುಗ ಎದ್ದು ನಿಂತು ಬಾಯಿಪಾಠ ಒಪ್ಪಿಸಿದ. "ಫುಯುಕಾ ಹೇಳಿದ್ದನ್ನ ನಾನು ಒಪ್ಪಲ್ಲ. ಅದು ಅರ್ಧ ಮೀಟರ್."

"ನಾನೂ ಅದನ್ನೇ ಅಲ್ವೇನೋ ಹೇಳಿದ್ದು!"

"ನಾವೆಲ್ಲ ತಾದೊಕೊರೊ ಕಡೆ!" ಎಂದು ತಾಲೀಮಿನಂತೆ ತರಗತಿ ಒಕ್ಕೊರಲಿನಿಂದ ಕೂಗಿತು.

ಹಿಂದೆ ನಿಂತವರಿಗೆ ಕಿವಿ ಇರಲಿಲ್ಲವೇ? ಇತ್ತು. ಆದರೆ ಅವರ ಕೈಯಲ್ಲಿದ್ದ ಪಾಠಯೋಜನೆಯಲ್ಲಿ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ 'ಕಾಲು ಮೀಟರ್ ಎಂಬ ತಪ್ಪು ಉತ್ತರ ಬರುವುದು' ಎಂದು ಅಚ್ಚಾಗಿತ್ತು. ಎಲ್ಲರೂ ಗಡಿಯಾರ ನೋಡಿ ಅದರ ಮುಂದೆ ಗುರುತು ಹಾಕಿದರು. ವಿಶ್ವವಿದ್ಯಾಲಯದಿಂದ ಬಂದಿದ್ದ ಮುಖ್ಯ ಅತಿಥಿಯಂತೂ ಕನ್ನಡಕ ಒರೆಸಿಕೊಂಡು, "ತಪ್ಪು ಹೇಳೋಕೂ ಮಕ್ಕಳಿಗೆ ಧೈರ್ಯ ತುಂಬಿದ್ದೀರಲ್ರೀ, ಅದು ದೊಡ್ಡದು," ಎಂದರು. ಮೇಷ್ಟ್ರು ಸೊಂಟ ಬಗ್ಗಿಸಿ ವಂದಿಸಿದರು. ಚಪ್ಪಾಳೆಯಾಯಿತು.

ಗಂಟೆ ಹೊಡೆದ ಮೇಲೆ ವಾಡಿಕೆಯಂತೆ ನಲವತ್ತೂ ಜನ ಹಲಗೆಯ ಫೋಟೊ ತೆಗೆಯಲು ಮುಂದೆ ನುಗ್ಗಿದರು.

"ಸ್ವಲ್ಪ ಆ ಕಡೆ ಸರಿಯಮ್ಮ, ಅಡ್ಡ ಬರ್ತೀಯ," ಎಂದಿತು ಒಂದು ದನಿ.

ಫುಯುಕಾ ಸರಿಯಲಿಲ್ಲ. ಕಾಗದದ ಒಂದು ತುದಿಯನ್ನು ಅಳತೆಪಟ್ಟಿಯ ಸೊನ್ನೆಗೂ ಇನ್ನೊಂದನ್ನು ಐವತ್ತು ಸೆಂಟಿಮೀಟರಿಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಫೋನುಗಳಿಗೆ ಬೆನ್ನು ಮಾಡಿ ನಿಂತೇ ಇದ್ದಳು.