ಹದಿನೇಳನೆಯ ಹಾಜರಿ

ಈ ಕಥೆಯನ್ನು ಮೊದಲು ಹೇಳಿದವರು ಪ್ರವಾಸಿ ಬಸ್ಸಿನ ಒಬ್ಬ ಹಿರಿಯ ಚಾಲಕರು. ಹೇಳಿದ್ದು ಅವರು ನಿವೃತ್ತರಾದ ವರ್ಷದ ಚಳಿಗಾಲದಲ್ಲಿ, ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಹಗಲಿನ ಪಾಳಿ ಮುಗಿಸಿ ಕೈಕಾಲು ತೊಳೆದು ಕುಳಿತಿದ್ದ ಆರೇಳು ಮಂದಿಗೆ. ಕಥೆಯಲ್ಲಿ ತಮಗಿಂತ ಹೆಚ್ಚಿನ ಜಾಗವನ್ನು ಅವರು ಒಬ್ಬ ಹುಡುಗಿಗೆ ಕೊಟ್ಟರು. ಅವಳು ಮೂರು ದಿನ ತಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಹೇಳಿಕೊಂಡದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟಿದ್ದರು. ಶುರು ಮಾಡಿದ್ದು ಬಸ್ಸಿನ ಬಾಗಿಲಿನಿಂದ.

"ಬೇಗ ಹತ್ರಪ್ಪ, ಬೇಗ ಹತ್ತಿ. ಹನ್ನೆರಡಕ್ಕೆ ರಸ್ತೆ ಮುಚ್ತಾರೆ. ಆಮೇಲೆ ಸಾಯಂಕಾಲದವರೆಗೂ ಇಲ್ಲೇ ಕೂತಿರಬೇಕು" ಎಂದು ಚಾಲಕರು ಕೂಗುತ್ತಿದ್ದರು.

ಭಾನುವಾರ, ಹನ್ನೆರಡಕ್ಕೆ ಹತ್ತು ನಿಮಿಷ. ಆ ಪರದೇಶದ ನಗರದಲ್ಲಿ ಅಂದು ಸೈಕಲ್ ಪಂದ್ಯ. ಬೀದಿಯ ಎರಡೂ ಬದಿಗೆ ಹಗ್ಗ ಕಟ್ಟಿಯಾಗಿತ್ತು; ಪೊಲೀಸಿನವನೊಬ್ಬ ಮೂರನೆಯ ಬಾರಿ ಬಂದು ಬಸ್ಸಿನ ಮೂತಿಗೆ ಬೆರಳಿನಿಂದ ಬಡಿದು ಹೋಗಿದ್ದ. ಹತ್ತಬೇಕಾದವರು ಭೂಮಾಪನ ಶಾಲೆಯ ಮೂವತ್ತೆರಡು ವಿದ್ಯಾರ್ಥಿಗಳು. ಅವರನ್ನು ಒಟ್ಟುಗೂಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಇಬ್ಬರು ಹತ್ತಿದರೆ ಮೂವರು ಇಳಿಯುತ್ತಿದ್ದರು.

ಶುಕ್ರವಾರ ಹೊರಟಾಗಿನಿಂದಲೂ ಇದೇ ಕಥೆ. ವಸತಿಗೃಹದಲ್ಲಿ ಅರ್ಧದಷ್ಟೇ ಹಾಸಿಗೆಗಳಿದ್ದವು. ಶನಿವಾರ ಎರಡು ಗುಂಪುಗಳು ಒಂದೇ ನಕ್ಷೆ ಹಿಡಿದು ಎರಡು ದಿಕ್ಕಿಗೆ ಹೋಗಿ, ಎರಡೂ ದಾರಿ ತಪ್ಪಿಸಿಕೊಂಡವು. "ದೇಶ ಅಳೆಯೋಕೆ ಹೊರಟೋರಿಗೆ ಬೀದಿ ಗೊತ್ತಾಗಲಿಲ್ಲವಲ್ಲೋ" ಎಂದು ಚಾಲಕರು ನಕ್ಕಿದ್ದರು. ಒಬ್ಬನಿಗೆ ಜ್ವರ, ಇನ್ನೊಬ್ಬನ ಒಂದು ಶೂ ಟ್ರ್ಯಾಮಿನೊಡನೆ ಹೊರಟುಹೋಯಿತು, ಪ್ರತಿಮೆಯೊಂದರ ಹೆಗಲೇರಿದ್ದ ಇಬ್ಬರನ್ನು ಪೊಲೀಸರೇ ಕರೆತಂದು ಬಿಟ್ಟರು. ಜೊತೆಗೆ ಬಂದಿದ್ದ ಉಪಾಧ್ಯಾಯರು, ಹುಡುಗರ ಬಾಯಲ್ಲಿ ಟೇಪು ಮೇಷ್ಟ್ರು, ಭಾನುವಾರದ ಹೊತ್ತಿಗೆ ಬಯ್ಯುವುದನ್ನೂ ಬಿಟ್ಟಿದ್ದರು. ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು, ಹಾಜರಿ ಪುಸ್ತಕ ಬಿಡಿಸಿ, ಶಾಲೆಯಲ್ಲಿ ಮಾಡುವಂತೆಯೇ ತಲೆಯೆತ್ತದೆ ಸಂಖ್ಯೆಗಳನ್ನು ಕೂಗತೊಡಗಿದರು.

ಆ ಶಾಲೆಯಲ್ಲಿ ಹೆಸರು ಕೂಗುವ ಪದ್ಧತಿ ಇರಲಿಲ್ಲ. ಮೇಷ್ಟ್ರು ಸಂಖ್ಯೆ ಹೇಳಬೇಕು, ಸಂಖ್ಯೆಯವರು "ಹಾಜರ್ ಸಾರ್" ಎನ್ನಬೇಕು, ಮೇಷ್ಟ್ರು ಗೀಟು ಎಳೆಯಬೇಕು. ಬಾರದವರ ಗೀಟನ್ನು ಬಂದವರು ಎಳೆಸುವುದು ಅಲ್ಲಿನ ಹುಡುಗರ ಹಳೆಯ ಕಸುಬು. ಅದರಲ್ಲಿ ಗಿಳಿಯನ್ನು ಮೀರಿಸಿದವರಿರಲಿಲ್ಲ. ಗಿಳಿ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದುದು. ಹತ್ತು ಜನರ ದನಿ ಅವಳ ಗಂಟಲಲ್ಲಿತ್ತು. ಎಲ್ಲಕ್ಕಿಂತ ಸಲೀಸು ಹದಿನೇಳನೆಯವಳದು, ತುಸು ಒಡೆದು ಮೂಗಿನಲ್ಲಿ ಮುಗಿಯುವ ದನಿ. ಇಬ್ಬರೂ ಎರಡು ವರ್ಷದಿಂದ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದರು.

ಅಂದು ಬೆಳಿಗ್ಗೆ ಹದಿನೇಳು ಶೂ ಲೇಸು ಕಟ್ಟಿಕೊಳ್ಳುತ್ತ ಹೇಳಿದ್ದಳು: "ಮ್ಯೂಸಿಯಂಗೆ ಇನ್ನೊಂದ್ಸಲ ಹೋಗ್ಬರ್ತೀನಿ ಕಣೇ. ಹಿಂದಿನ ಅಂಗಳದಲ್ಲಿ ಹಳೇ ಗಡಿಕಲ್ಲು ಇಟ್ಟಿದಾರೆ, ನಿನ್ನೆ ನಿಮ್ಮ ಗಲಾಟೇಲಿ ನೋಡೋಕೇ ಆಗಲಿಲ್ಲ."

"ಕಲ್ಲು ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಮೇಷ್ಟ್ರ ಮುಖ ನೋಡಿದ್ರೆ ಸಾಕಿತ್ತು."

"ನಗಬೇಡ. ಸ್ವಲ್ಪ ತಡ ಆದ್ರೆ ಹಾಜರಿ ಹಾಕ್ಬಿಡು. ಅವರು ಮೂವತ್ತೆರಡು ಕೂಗೋ ಹೊತ್ತಿಗೆ ಓಡಿ ಬಂದಿರ್ತೀನಿ. ನನ್ನ ಚೀಲಾನೂ ಹಾಕಿರು, ಫೋನು ಅಲ್ಲೇ ಚಾರ್ಜಿಗಿದೆ."

ಗಿಳಿ ಚೀಲ ತಂದು ತಲೆಯ ಮೇಲಿನ ಹಲಗೆಗೆ ಸೇರಿಸಿದ್ದಳು. ಈಗ ಹಿಂಬಾಗಿಲಲ್ಲಿ ಏಳೆಂಟು ಮಂದಿ ಒಬ್ಬರನ್ನೊಬ್ಬರು ನೂಕುತ್ತ ಹತ್ತುತ್ತಿದ್ದರು. ಅವರ ನಡುವೆ ಹದಿನೇಳರದಂಥ ಒಂದು ನೀಲಿ ಸ್ವೆಟರು ಕಂಡಂತಾಯಿತು. ಪೊಲೀಸಿನವನು ಸೀಟಿ ಊದಿದ. ಚಾಲಕರು ಎಂಜಿನ್ ಚಾಲೂ ಮಾಡಿದರು.

"ಹದಿನಾರು?"

"ಹಾಜರ್ ಸಾರ್."

"ಹದಿನೇಳು?"

ಗಿಳಿ ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲವೋ ಏನೋ ಎಂದು ಅವಳು ಆಮೇಲೆ ಚಾಲಕರಿಗೆ ಹೇಳಿದಳು. ಕೆಮ್ಮು ಬಂದಂತೆ ಮಾತು ಬಂದುಬಿಟ್ಟಿತು. ಮೇಷ್ಟ್ರು ಗೀಟು ಎಳೆದರು.

ಬಸ್ಸು ಸೇತುವೆ ದಾಟಿದ ಮೇಲೆ ಅವಳು ಹಿಂದಕ್ಕೆ ಕತ್ತು ಚಾಚಿದಳು. ನಡುದಾರಿಯ ತುಂಬ ಚೀಲಗಳು, ಚೀಲಗಳ ಮೇಲೆ ಹುಡುಗರು.

"ಹದಿನೇಳು ಹಿಂದೆ ಇದಾಳಾ?" ಎಂದು ಪಕ್ಕದ ಉದ್ದಜಡೆಯವಳನ್ನು ಕೇಳಿದಳು.

"ಇರ್ತಾಳೆ ಬಿಡು. ಕೊನೇ ಸೀಟಲ್ಲಿ ಮುಸುಕು ಹಾಕ್ಕೊಂಡು ಬಿದ್ದಿರ್ತಾಳೆ. ಅವಳಿಗೆ ನಿದ್ದೆ ಸಿಕ್ಕಿದ್ರೆ ಸ್ವರ್ಗ."

ಎರಡು ರಾತ್ರಿ ಸರಿಯಾಗಿ ಮಲಗದ ಬಸ್ಸಿಗೆ ಬಸ್ಸೇ ತೂಕಡಿಸುತ್ತಿತ್ತು. ಗಿಳಿಯೂ ನಿದ್ದೆ ಹೋದಳು.

ಒಂದೂವರೆಗೆ ಕಾಲುವೆಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಶೌಚಾಲಯಕ್ಕೆ ಓಡಿದರು. ಮಳೆ ಹನಿಯುತ್ತಿತ್ತು. ಗಿಳಿ ಸಾಲಿನ ತುದಿಯವರೆಗೆ ನೋಡಿದಳು, ನೀಲಿ ಸ್ವೆಟರಿನವಳು ಬೇರೆ ಯಾರೋ ಆಗಿದ್ದಳು. ಗಿಳಿ ಸಾಲಿನ ಮೊದಲಿನಿಂದ ಇನ್ನೊಮ್ಮೆ ನೋಡತೊಡಗಿದಳು. ಅಷ್ಟರಲ್ಲಿ ಹಾರನ್ ಆಯಿತು. "ಎಲ್ಲ ಬಂದಿರೇನ್ರೋ?" ಎಂದರು ಮೇಷ್ಟ್ರು. "ಬಂದ್ವಿ" ಎಂದಿತು ಬಸ್ಸು.

ಗಡಿಯ ಠಾಣೆ ತಲುಪಿದಾಗ ಎರಡೂವರೆ. ಮೇಷ್ಟ್ರ ಚೀಲದಲ್ಲಿದ್ದ ಪಾಸ್‌ಪೋರ್ಟುಗಳನ್ನೆಲ್ಲ ಅಧಿಕಾರಿಯೊಬ್ಬಳು ತೆಗೆದುಕೊಂಡು, ಒಂದೊಂದನ್ನೇ ಬಿಡಿಸಿ, ಮುಖಕ್ಕೆ ಮುಖ ಹೋಲಿಸಿ ಹಿಂದಿರುಗಿಸಿದಳು. ಮೂರು ದಿನದಲ್ಲಿ ಅವರ ಮುಖಗಳನ್ನು ಯಾರಾದರೂ ನೋಡಿದ್ದು ಅದೇ ಮೊದಲು. ಕೊನೆಗೆ ಅವಳ ಕೈಯಲ್ಲಿ ಒಂದು ಪಾಸ್‌ಪೋರ್ಟು ಉಳಿಯಿತು.

ಉದ್ದಜಡೆ ಹದಿನೇಳರ ನಂಬರಿಗೆ ಫೋನು ಮಾಡಿದಳು. ಅದು ಬಸ್ಸಿನೊಳಗೆ, ಹಲಗೆಯ ಮೇಲಿದ್ದ ಚೀಲದಲ್ಲೇ ರಿಂಗಣಿಸಿತು. ಮೇಷ್ಟ್ರು ಹಾಜರಿ ಪುಸ್ತಕ ಕೈಗೆತ್ತಿಕೊಂಡರು.

"ಊರು ಬಿಡುವಾಗ ಇದ್ದಳು" ಎಂದರು. "ನಾನೇ ಹಾಜರಿ ತಗೊಂಡಿದೀನಿ. ಅವಳ ದನಿ ನನಗೆ ಗೊತ್ತಿಲ್ವಾ? ಚೀಲಾನೂ ಇಲ್ಲೇ ಇದೆ. ಬಂಕಲ್ಲಿ ಇಳಿದವಳು ಹತ್ತಿಲ್ಲ." ಪುಸ್ತಕ ಬಿಡಿಸಿ ಗೀಟನ್ನು ತೋರಿಸಿದರು. ಆ ದೇಶದ ಭಾಷೆ ಅಲ್ಪಸ್ವಲ್ಪ ಬರುತ್ತಿದ್ದುದು ಚಾಲಕರಿಗೆ ಮಾತ್ರ. ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೆಯೇ ಅವರು ದಾಟಿಸಿದರು. ಅಧಿಕಾರಿ ಫೋನೆತ್ತಿ ಬಂಕು ಇದ್ದ ಕಡೆಯ ಪೊಲೀಸರನ್ನು ಎಬ್ಬಿಸಿದಳು.

ಎಲ್ಲರನ್ನೂ ಠಾಣೆಯ ಪಡಸಾಲೆಯಲ್ಲಿ ಕೂರಿಸಿದರು. ಗಿಳಿ ಏಳಲು ಹೋದಾಗ ಉದ್ದಜಡೆ ಮಣಿಕಟ್ಟು ಹಿಡಿದಳು.

"ಎಲ್ಲಿಗೆ?"

"ಹೇಳ್ಬೇಕು ಕಣೇ. ಅವಳು ಹತ್ತೇ ಇಲ್ಲ ಅನ್ಸುತ್ತೆ."

"ಅನ್ಸೋದನ್ನೆಲ್ಲ ಹೇಳೋಕಾಗುತ್ತಾ? ನಿಂಗೆ ಖಾತ್ರಿ ಇದೆಯಾ? ಬಂಕ್ ಹತ್ರಾನೇ ಸಿಗ್ತಾಳೆ, ಸುಮ್ನಿರು." ಅವಳು ದನಿ ತಗ್ಗಿಸಿದಳು. "ಪ್ರಿನ್ಸಿಪಾಲರು ಬೋರ್ಡಿಗೆ ಹಾಕಿರೋದು ಮರೆತ್ಯಾ? ಇನ್ನೊಬ್ಬರ ಹಾಜರಿ ಹಾಕಿದ್ರೆ ಶಾಲೆಯಿಂದಲೇ ಹೊರಗೆ. ನೀನೊಬ್ಬಳೇ ಅಲ್ಲ, ನೀನು ಯಾರ್‍ಯಾರಿಗೆ ಹಾಕಿದೀಯೋ ಅವರೆಲ್ಲ. ಕೊನೇ ವರ್ಷ ಕಣೇ."

ಎದುರಿನ ಬೆಂಚಿನ ಮೂವರು ಹುಡುಗರು ಇದನ್ನು ಕೇಳಿಸಿಕೊಂಡರು. ಒಬ್ಬ ತನ್ನ ಉಗುರು ನೋಡಿಕೊಂಡ. ಇನ್ನಿಬ್ಬರು ಗೋಡೆಯ ಗಡಿಯಾರ ನೋಡಿದರು. ಅಂದು ಬಸ್ಸಿನಲ್ಲಿ ಗಿಳಿಯ ಸುತ್ತ ಕುಳಿತ ಹತ್ತು ಮಂದಿಯಾದರೂ ಅವಳ ಬಾಯಿಂದ ಹದಿನೇಳರ ದನಿ ಬಂದದ್ದನ್ನು ಕೇಳಿದ್ದರು. ಹತ್ತು ಬಾಯಿಗೂ ಬೀಗ ಬಿದ್ದಿತ್ತು. ಸಿಕ್ಕೇ ಸಿಗುತ್ತಾಳೆ ಎಂದು ಗಿಳಿ ತನಗೆ ತಾನೇ ಹೇಳಿಕೊಂಡಳು. ಮೂರು ಗಂಟೆಯಾಯಿತು. ಮೂರೂಕಾಲಾಯಿತು. ಮೇಷ್ಟ್ರು ಬಾಗಿಲಲ್ಲಿ ನಿಂತು ಬರುವ ಪ್ರತಿಯೊಂದು ಕಾರಿನೊಳಗೂ ಇಣುಕುತ್ತಿದ್ದರು. ಅವರ ಅಂಗಿ ಮಳೆಗೆ ಬೆನ್ನಿಗಂಟಿತ್ತು.

ಮೂರೂವರೆ ದಾಟಿದ ಮೇಲೆ ಅಧಿಕಾರಿಯ ಮೇಜಿನ ರೇಡಿಯೋ ಮಾತಾಡಿತು. ಕೇಳಿಸಿಕೊಂಡ ಚಾಲಕರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗಿಳಿ ಎದ್ದು ಅವರ ಬಳಿಗೆ ಹೋದಳು.

"ಏನಂತೆ ಅಣ್ಣಾ?"

"ಕಾಲುವೆಗೆ ಜನ ಇಳಿಸ್ತಿದಾರಂತಮ್ಮ. ಹಗ್ಗ ಹಾಕಿ ಹುಡುಕ್ತಾರಂತೆ."

"ಅವಳು ಕಾಲುವೇಲಿಲ್ಲ ಅಣ್ಣಾ. ಅವಳು ಬಸ್ಸೇ ಹತ್ತಿಲ್ಲ."

"ಏನು ಮಾತು ಅಂತ ಆಡ್ತೀಯ? ಮೇಷ್ಟ್ರು ದನಿ ಕೇಳಿದೀನಿ ಅಂತಿದಾರಲ್ಲ."

ಗಿಳಿ ಹೇಗೆ ಹೇಳುವುದೆಂದು ಹುಡುಕಿದಳು. ಆಮೇಲೆ, ಮೆಲ್ಲಗೆ, "ಹಾಜರ್ ಸಾರ್" ಎಂದಳು.

ಹತ್ತು ಮಾರು ದೂರದ ಬಾಗಿಲಲ್ಲಿ ಮೇಷ್ಟ್ರು ಗಕ್ಕನೆ ತಿರುಗಿದರು. "ಬಂದ್ಯಾ ತಾಯಿ?" ಎಂದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಹುಡುಗರು ಎಂದೂ ಕಂಡಿರಲಿಲ್ಲ. ಅವರ ಕಣ್ಣು ಒಬ್ಬೊಬ್ಬರ ಮುಖವನ್ನೂ ಹಾದು, ಬಾಗಿಲವರೆಗೆ ಹೋಗಿ, ಮತ್ತೆ ಬಂದು ಗಿಳಿಯ ಮೇಲೆ ನಿಂತಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ಅವರು ಹಾಗೆಯೇ ಗೋಡೆಗೆ ಒರಗಿ ನೆಲಕ್ಕೆ ಕುಸಿದರು.

ಉಳಿದದ್ದು ಬೇಗ ನಡೆಯಿತು. ಗಡಿಕಲ್ಲು, ಹಿಂದಿನ ಅಂಗಳ ಎಂದು ಗಿಳಿ ಹೇಳಿದ್ದನ್ನು ಚಾಲಕರು ದಾಟಿಸಿದರು. ಹನ್ನೆರಡಕ್ಕೆ ಬೀಗ ಹಾಕಿ ಮನೆಗೆ ಹೋಗಿದ್ದ ಮ್ಯೂಸಿಯಂ ಕಾವಲುಗಾರನನ್ನು ಕರೆಸಿದರು. ಅಂಗಳದ ಮೂಲೆಯಲ್ಲಿ ನೆಲಮಾಳಿಗೆಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲುಗಳಿದ್ದವು. ಹದಿನೇಳು ಅದರ ಬುಡದಲ್ಲಿ, ಅರ್ಧ ಗೇಣು ಮಳೆನೀರಿನಲ್ಲಿ ಬಿದ್ದಿದ್ದಳು. ಉಸಿರಿತ್ತು. ಹನ್ನೊಂದೂವರೆಯ ಹೊತ್ತಿಗೆ ಬಿದ್ದಿರಬೇಕು ಎಂದರು. ಸೋಮವಾರ ಬೆಳಿಗ್ಗೆ ತೀರಿಕೊಂಡಳು.

ಆಸ್ಪತ್ರೆಯಲ್ಲಿ ವೈದ್ಯರು ಎರಡು ಮಾತು ಹೇಳಿದರು. "ಏನಂದ್ರು?" ಎಂದು ಮೇಷ್ಟ್ರು ಕೇಳಿದರು. "ತುಂಬ ರಕ್ತ ಹೋಗಿತ್ತಂತೆ" ಎಂದರು ಚಾಲಕರು. ವೈದ್ಯರ ಎರಡನೆಯ ಮಾತಿನಲ್ಲಿ ಗಂಟೆಯ ಲೆಕ್ಕವಿತ್ತು. ಅದನ್ನು ಅವರು ಕನ್ನಡಕ್ಕೆ ತರಲಿಲ್ಲ. ತರದೆ ಬಿಟ್ಟದ್ದನ್ನು ಗಿಳಿ ಅವರ ಮುಖದಲ್ಲೇ ಓದಿಕೊಂಡಳು.

ಉಳಿದವರನ್ನು ಬೇರೆ ಬಸ್ಸಿನಲ್ಲಿ ಕಳುಹಿಸಿದರು. ಹೇಳಿಕೆ ಕೊಡಲು ಉಳಿದವರು ಮೇಷ್ಟ್ರು, ಚಾಲಕರು, ಗಿಳಿ. ಮಂಗಳವಾರ ಮಧ್ಯಾಹ್ನ ಹದಿನೇಳರ ತಾಯಿ ಬಂದರು, ಒಬ್ಬರೇ. ಆಕೆ ಹೊಲಿಗೆ ಕೆಲಸದವರು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಮಗಳನ್ನು ನೋಡಿ ಬಂದು, ಕಾಗದಗಳಿಗೆ ಸಹಿ ಹಾಕಿ, ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ದಾದಿ ಬ್ರೆಡ್ಡು, ಹಾಲು ತಂದಿಟ್ಟಳು. ತಾಯಿ ಮುಟ್ಟಲಿಲ್ಲ. ದಾರಿಯಲ್ಲೂ ನೀರು ಬಿಟ್ಟು ಬೇರೇನೂ ಇಳಿದಿಲ್ಲ ಎಂದು ಅವರೇ ಚಾಲಕರಿಗೆ ಹೇಳಿದ್ದರು.

ಬಹಳ ಹೊತ್ತಾದ ಮೇಲೆ ಎದ್ದು ಬಂದು ಗಿಳಿಯ ಪಕ್ಕದಲ್ಲಿ ಕುಳಿತರು.

"ನೀನೇ ಅಲ್ವಾ ಆ ಗಿಳಿ?"

ಗಿಳಿ ಹೌದೆಂದು ತಲೆಯಾಡಿಸಿದಳು.

"ಮೇಷ್ಟ್ರು ಎಲ್ಲಾ ಹೇಳಿದ್ರು. ಅವಳೂ ಹೇಳ್ತಿದ್ಲು, ರೂಮಲ್ಲೊಬ್ಬಳಿದಾಳೆ, ಅವಳು ನನ್ನ ಹಾಗೆ ಮಾತಾಡಿದ್ರೆ ನಿಂಗೂ ಗುರುತು ಸಿಗಲ್ಲ ಅಂತ. ಹೆತ್ತೋಳಿಗೆ ಸಿಗದೇ ಇರುತ್ತೇನೇ ಅಂತ ನಾನು ಬೈದಿದ್ದೆ."

"ಅಮ್ಮಾ, ನಾನು ಬೇಕು ಅಂತ..."

"ಅದೆಲ್ಲ ಈಗ ಬೇಡ." ತಾಯಿ ಚೀಲದ ಹಿಡಿಯನ್ನು ನೀವಿದರು. "ಒಂದ್ಸಲ ಮಾತಾಡು. ಆ ಹಾಜರಿ ಮಾತು ಬೇಡ. ಫೋನ್ ಎತ್ತಿದ ತಕ್ಷಣ ಊಟ ಆಯ್ತಾ ಅಂತ ಕೇಳೋಳು. ಅದನ್ನ ಕೇಳು."

"ನನ್ನ ಕೈಲಾಗಲ್ಲಮ್ಮ."

"ಆಗುತ್ತೆ. ಅವತ್ತು ಆಯ್ತಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ ಎಂದು ಚಾಲಕರು ಹೇಳಿದರು. ಅಂಗಡಿಯಲ್ಲಿ ದಾರದ ಬಣ್ಣ ಕೇಳುವಂತೆ ಕೇಳಿದರಂತೆ. ತಾಯಿ ಗಿಳಿಗೆ ಬೆನ್ನು ತಿರುಗಿಸಿ, ಎದುರಿನ ಬಿಳಿಗೋಡೆಗೆ ಮುಖ ಮಾಡಿ ಕುಳಿತರು. ಗಿಳಿಯ ಗಂಟಲು ಎರಡು ಸಲ ಕದಲಿತು. ಮೂರನೆಯ ಸಲಕ್ಕೆ, ತುಸು ಒಡೆದು, ಮೂಗಿನಲ್ಲಿ ಮುಗಿಯುವ ಆ ದನಿ ಬಂತು.

"ಊಟ ಆಯ್ತಾ ಅಮ್ಮಾ?"

"ಆಯ್ತು ಕಣೇ" ಎಂದರು ತಾಯಿ, ಗೋಡೆಯ ಕಡೆಗೆ. "ಈಗ ತಾನೇ ಆಯ್ತು. ನಿಂದು?"

ಹಿರಿಯ ಚಾಲಕರು ಅಲ್ಲಿಗೆ ನಿಲ್ಲಿಸಿದರು. ಕೇಳುತ್ತಿದ್ದವರಲ್ಲಿ ಒಬ್ಬರು, "ಹುಡುಗಿ ಏನಂದ್ಲು?" ಎಂದು ವಿಚಾರಿಸಿದರು.

"ನಾನು ಕೇಳಿಸ್ಕೊಳ್ಳಲಿಲ್ಲಪ್ಪ. ಎದ್ದು ಹೊರಗೆ ಹೋದೆ."

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಸ್ವೆಟರು ಹಾಕಿಕೊಂಡು, ಮನೆಯ ಕಡೆಗೆ ಹೊರಟರು. ಅವರಲ್ಲೊಬ್ಬರು ಗೇಟಿನವರೆಗೆ ಹೋದವರು ಹಿಂದಿರುಗಿ, ಬೆಳಗಿನ ಪ್ರಯಾಣ ಮುಗಿಸಿ ತಾವೇ ಬೀಗ ಹಾಕಿ ನಿಲ್ಲಿಸಿದ್ದ ಬಸ್ಸಿನ ಬಾಗಿಲು ತೆರೆದು ಒಳಗೆ ಹೋದರು. ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ನೋಡಿ, ಇಳಿದು ಬಂದು, ಮತ್ತೆ ಬೀಗ ಹಾಕಿಕೊಂಡು ಮನೆಗೆ ಹೋದರು.