ಮೂಲೆಯ ಸಣ್ಣ ಹಡಗು

ನಾನು ಒಂದು ಆಟದ ಯಂತ್ರ. ಕಡಲಯುದ್ಧದ ಆಟ ಎಂದು ನನ್ನನ್ನು ಕರೆಯುತ್ತಾರೆ. ಕಪ್ಪು ಪ್ಲಾಸ್ಟಿಕ್ಕಿನ ಮೈ, ಒಳಗೆ ತಂತಿಗಳು, ಒಂದು ಪುಟ್ಟ ಸ್ಪೀಕರು, ಒಂದು ಕೆಂಪು ದೀಪ. ಯಾವ ಊರಿನಲ್ಲಿ ಹುಟ್ಟಿದೆನೋ ತಿಳಿಯದು. ಉದ್ದನೆಯ ಮೇಜಿನ ಮುಂದೆ ಕುಳಿತ ಹೆಂಗಸರ ಕೈಯಿಂದ ಕೈಗೆ ದಾಟುತ್ತ ನನಗೆ ರೂಪ ಬಂತು. ಕೊನೆಯವಳು ನನ್ನ ಗುಂಡಿ ಒತ್ತಿದಳು. ನಾನು ಗುಡುಗಿದೆ. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಯಲ್ಲಿಟ್ಟಳು.

ನನ್ನನ್ನು ಆಡಲು ಇಬ್ಬರು ಬೇಕು. ನನ್ನ ಮುಚ್ಚಳ ಇಬ್ಬರ ನಡುವೆ ಗೋಡೆಯಂತೆ ನಿಲ್ಲುತ್ತದೆ. ಒಬ್ಬೊಬ್ಬರ ಮುಂದೆಯೂ ನೂರು ತೂತುಗಳ ಕಡಲು, ಐದು ಹಡಗು. ಹತ್ತು ಸಾಲಿಗೆ ಇಂಗ್ಲಿಷ್ ಅಕ್ಷರ, ಸಾಲಿನ ಹತ್ತು ಮನೆಗೆ ಅಂಕಿ. ಹಡಗುಗಳನ್ನು ತೂತುಗಳಲ್ಲಿ ನೆಟ್ಟು, ಅವು ನಿಂತ ಮನೆಗಳನ್ನು ಗುಂಡಿ ಒತ್ತಿ ನನಗೆ ತಿಳಿಸಬೇಕು. ಆಮೇಲೆ ಎದುರಿನವರ ಹಡಗು ಎಲ್ಲಿದೆಯೆಂದು ಊಹಿಸಿ, ಸರದಿಯ ಮೇಲೆ ಗುಂಡು ಹಾರಿಸಬೇಕು. ಗುಂಡು ತಾಗಿದರೆ ಸಿಡಿಲಿನಂತೆ ಸದ್ದು ಮಾಡುತ್ತೇನೆ. ತಾಗದಿದ್ದರೆ ಬರಿಯ ಸಿಳ್ಳು. ಹಡಗು ಪೂರ್ತಿ ಮುಳುಗಿದರೆ ದೀರ್ಘವಾಗಿ ಗೋಳಿಡುತ್ತೇನೆ. ನನಗೆ ಬರುವ ಮಾತು ಇವು ಮೂರೇ.

ಸಿಂಗಾಪುರದ ಅಂಗಡಿಯೊಂದರಿಂದ ನನ್ನನ್ನು ಕೊಂಡವನು ವಿಠಲ. ಕುಂದಾಪುರದ ಹತ್ತಿರ ಗಂಗೊಳ್ಳಿಯ ಮೊಗವೀರ ಮೀನುಗಾರರ ಹುಡುಗ, ಸರಕು ಹಡಗಿನಲ್ಲಿ ವಿದ್ಯುತ್ತಿನ ಕೆಲಸ ಮಾಡುತ್ತಿದ್ದ. ರಜೆಗೆ ಬಂದಾಗ ನನ್ನನ್ನು ತಂಗಿ ಸುಗಂಧಿಗೆ ಕೊಟ್ಟ. ಒಂದು ತಿಂಗಳು ಜಗಲಿಯ ಮೇಲೆ ಅಣ್ಣತಂಗಿಯರ ಜಗಳವೋ ಜಗಳ. ಅವಳು ಸೋತರೆ ಯಂತ್ರ ಕೆಟ್ಟಿದೆ ಎನ್ನುವಳು, ಅವನು ಸೋತರೆ ಕರೆಂಟಿನ ದೋಷ ಎನ್ನುವನು. ನನ್ನಲ್ಲಿ ಕರೆಂಟೇ ಇರಲಿಲ್ಲ, ಸೆಲ್ ಮಾತ್ರ.

ಅವನು ಮತ್ತೆ ಹಡಗು ಹತ್ತಿದ. ಎಂಟು ತಿಂಗಳಿಗೆ ಹಡಗಿನ ಕಂಪನಿಯ ಕಾಗದ ಬಂತು. ಬಿರುಗಾಳಿಯ ನಂತರ ಹಡಗಿನ ಸುದ್ದಿಯಿಲ್ಲ, ಹುಡುಕಾಟ ನಿಲ್ಲಿಸಿದ್ದೇವೆ ಎಂದು ಅದರಲ್ಲಿತ್ತು. ತಾಯಿ ಗುಲಾಬಿಯಮ್ಮ ಆ ಕಾಗದವನ್ನು ಎರಡನೆಯ ಸಲ ಓದಿಸಲಿಲ್ಲ. ಮಗನ ಅಂಗಿಗಳನ್ನೂ ನನ್ನನ್ನೂ ಒಂದೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಹನ್ನೆರಡು ವರ್ಷ ನಾನು ಆ ಅಂಗಿಗಳ ಜೊತೆ ಮಲಗಿದೆ. ವರ್ಷಕ್ಕೊಮ್ಮೆ ಅವಳು ಅವನ್ನು ಬಿಸಿಲಿಗೆ ಹಾಕಿ ಮತ್ತೆ ಮಡಚುತ್ತಿದ್ದಳು. ಅಷ್ಟರಲ್ಲಿ ಸುಗಂಧಿ ಊರ ಬಾಲವಾಡಿಯ ಟೀಚರಾಗಿದ್ದಳು. ತಂದೆ ಸೂರ ಮರಕಾಲರು ಎದೆ ಕೆಟ್ಟು, ದೋಣಿಯನ್ನು ಬೇರೆಯವರಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಹನ್ನೆರಡು ವರ್ಷ ಸುಳಿವಿಲ್ಲದವನಿಗೆ ದರ್ಭೆಯ ದೇಹ ಮಾಡಿ ಉತ್ತರಕ್ರಿಯೆ ನಡೆಸಬಹುದು ಎಂದು ಪುರೋಹಿತರು ಹೇಳಿದ್ದರು. ತಾನು ಕಣ್ಣು ಮುಚ್ಚುವ ಮೊದಲು ಮಗನಿಗೆ ಒಂದು ಹಿಡಿ ಅನ್ನ ಇಡಬೇಕು, ಇಲ್ಲವಾದರೆ ಅವನು ಹಸಿದು ಅಲೆಯುತ್ತಾನೆ ಎಂಬುದೊಂದೇ ಆ ಮುದುಕರ ಚಿಂತೆ. ತಾಯಿ ಒಪ್ಪದೆ ಅವರು ಮುಂದುವರಿಯುವವರಲ್ಲ.

"ನಾಳೆ ಅವ ಬಂದ್ರೆ ನಾನ್ ಎಂತ ಹೇಳುದು?" ಎಂದಳು ಗುಲಾಬಿಯಮ್ಮ. "ನಿನ್ನ ಕ್ರಿಯೆ ಮಾಡಿ ಬೊಜ್ಜದ ಊಟ ಉಂಡಾಯ್ತ್ ಅಂದ್ ಹೇಳುದಾ?"

ಮರಕಾಲರು ಪುರೋಹಿತರ ಮಾತೆತ್ತುವುದನ್ನು ಬಿಟ್ಟರು.

ಆ ಮಳೆಗಾಲ ದೋಣಿಗಳು ದಡಕ್ಕೆ ಬಂದು ತೆಂಗಿನ ಗರಿಯ ಮಡಲಿನಡಿ ಮಲಗಿದ್ದವು. ತಾಯಿಯ ಮನಸ್ಸು ಸ್ವಲ್ಪ ಬೇರೆಡೆ ಹೋಗಲೆಂದು ಸುಗಂಧಿ ನನಗೆ ಹೊಸ ಸೆಲ್ ಹಾಕಿದಳು. ಗುಲಾಬಿಯಮ್ಮ ಮೊದಲು ಸಿಟ್ಟಾದಳು. ಆಮೇಲೆ ನನ್ನ ಗುಂಡಿಗಳ ಮೇಲೆ ಬೆರಳಾಡಿಸಿ, ಇವನ್ನು ಅವನು ಒತ್ತುತ್ತಿದ್ದನಲ್ಲವೇ ಎಂದು ಕೇಳಿ, ಎದುರು ಕುಳಿತಳು. ಅವಳಿಗೆ ಇಂಗ್ಲಿಷು ಬಾರದು. ಮಗಳು ಗುಂಡಿಗಳ ಮೇಲೆ ಅ, ಆ, ಇ, ಈ ಎಂದು ಚೀಟಿ ಬರೆದು ಅಂಟಿಸಿದಳು. ಕೊನೆಯ ಸಾಲು 'ಒ' ಆಯಿತು. ಒಂದು ವಾರದಲ್ಲಿ ಮುದುಕಿ ಪಳಗಿದಳು.

ಕಡಲಿಗೆ ಹೋಗುವವರ ಆ ಮನೆಯಲ್ಲಿ 'ಮುಳುಗಿತು' ಎಂಬ ಮಾತಿರಲಿಲ್ಲ. ಹೊತ್ತು ಕೂಡ ಮುಳುಗುತ್ತಿರಲಿಲ್ಲ, ಮನೆಗೆ ಹೋಗುತ್ತಿತ್ತು. ನಾನು ಗೋಳಿಟ್ಟರೆ ಅವರು ಹಡಗು ದಡ ಸೇರಿತು ಎನ್ನುತ್ತಿದ್ದರು. ಮಗಳ ಹಡಗನ್ನು ದಡ ಸೇರಿಸಿದಾಗ ಮಾತ್ರ ಗುಲಾಬಿಯಮ್ಮನ ಮುಖ ಅರಳುತ್ತಿತ್ತು. "ನಿನ್ನ ಅಪ್ಪಯ್ಯನ ಬಲೆಗೆ ಬೂತಾಯಿಯೂ ಇಷ್ಟ್ ಸಲೀಸಾಗಿ ಬೀಳ್ತಿರಲಿಲ್ಲ" ಎಂದು ಗಂಡನಿಗೂ ಒಂದು ಮಾತು ತಾಗಿಸುವಳು. ಮಂಚದ ಮೇಲಿಂದ ಮರಕಾಲರು ಕೆಮ್ಮಿನ ನಡುವೆಯೇ ನಗುವರು.

ಆದರೆ ಅವಳಿಗೆ ಇದು ಆಟವಾಗಿರಲಿಲ್ಲ. ಅದು ತಿಳಿದದ್ದು ನನಗೊಬ್ಬನಿಗೆ. ಐದರಲ್ಲಿ ಎಲ್ಲಕ್ಕಿಂತ ಸಣ್ಣ ಹಡಗು ಎರಡೇ ತೂತಿನದು. ಅದಕ್ಕೆ ಅವಳು ಕುಂಕುಮದ ಬೊಟ್ಟಿಟ್ಟಿದ್ದಳು. ಪ್ರತಿ ಸಲವೂ ಅದನ್ನು ಒಂದೇ ಮೂಲೆಯಲ್ಲಿ, 'ಒ' ಸಾಲಿನ ಒಂಬತ್ತು ಮತ್ತು ಹತ್ತರಲ್ಲಿ ನೆಟ್ಟು, ನನ್ನ ಕಡೆಗೆ ಬಗ್ಗಿ ಪಿಸುಗುಟ್ಟುತ್ತಿದ್ದಳು: "ಇದ್ ಉಳಿದ್ರೆ ಅವ ಬದ್ಕಿ ಇದ್ದ." ಅಮ್ಮನವರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವವರಿದ್ದಾರೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಅವಳು ನನ್ನಲ್ಲಿ ಅದೇ ಪ್ರಸಾದ ಕೇಳುತ್ತಿದ್ದಳು. ನಾನು ದೇವರಲ್ಲ ತಾಯಿ ಎನ್ನಲು ನನಗೆ ನಾಲಗೆಯಿರಲಿಲ್ಲ.

ಒಂದು ಸಂಜೆ ಹಡಗುಗಳನ್ನು ಎತ್ತಿಡುವಾಗ ಸುಗಂಧಿ ಆ ಬೊಟ್ಟನ್ನು ಕಂಡಳು. ಆಗಲೇ ಮೂಲೆಯನ್ನೂ ಗುರುತಿಸಿದಳು. ತಾಯಿ ಬಗ್ಗಿ ಪಿಸುಗುಟ್ಟುವುದೇನೆಂದು ಅವಳಿಗೆ ತಿಳಿದುಹೋಯಿತು. ಮರುದಿನದಿಂದ ಅವಳ ಗುಂಡು ಆ ಮೂಲೆಗೆ ಹೋಗಲಿಲ್ಲ. ಗೆಲ್ಲಬಹುದಾದ ಆಟಗಳನ್ನು ಬೇಕೆಂದೇ ಸೋತಳು. ತಾಯಿ ಹಿಗ್ಗಿದಳು. "ಕಾಣಿ, ಇವತ್ತೂ ಉಳೀತ್" ಎಂದು ಗಂಡನ ಮಂಚದ ಬಳಿ ಹೋಗಿ ಹೇಳುವಳು. ಏನು ಉಳಿಯಿತೆಂದು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಶ್ರಾವಣದ ಕೊನೆಗೆ ಮರಕಾಲರಿಗೆ ಎದ್ದು ಕೂರುವುದೂ ಕಷ್ಟವಾಯಿತು. ಒಂದು ಮಧ್ಯಾಹ್ನ ಮಗಳನ್ನು ಹತ್ತಿರ ಕರೆದರು. ಸಾವಿಗೆ ತಾನು ಹೆದರುವುದಿಲ್ಲ, ಆದರೆ ಮೇಲೆ ಹೋದಾಗ ಮಗ ಎದುರು ಬಂದು ಅಪ್ಪಯ್ಯ ಅನ್ನ ಎಂದರೆ ಏನು ಹೇಳಲಿ ಎಂದು ಕೇಳಿದರು. ಸುಗಂಧಿ ಅವರ ಕಾಲೊತ್ತಿದಳು. ಆಮೇಲೆ ದೇವರ ಮುಂದೆ ದೀಪ ಹಚ್ಚಿ, ಕೈಮುಗಿದು ಬಂದು, ನನ್ನ ಮುಚ್ಚಳ ತೆರೆದಳು.

ಆಟ ಶುರುವಾಯಿತು. ಗುಲಾಬಿಯಮ್ಮನ ಗುಂಡು ಸಿಳ್ಳು ಹಾಕಿ ನೀರಿಗೆ ಬಿತ್ತು. ಸುಗಂಧಿ ತಲೆಯೆತ್ತದೆ ಹೇಳಿದಳು: "ಒ, ಒಂಬತ್ತು."

ನಾನು ಸಿಡಿದೆ.

ಗುಲಾಬಿಯಮ್ಮ ಏನೋ ಒಂದು ಮನೆ ಹೇಳಿ ತನ್ನ ಸರದಿ ಮುಗಿಸಿದಳು. ನಂತರ ಮುಚ್ಚಳದ ಮರೆಯಲ್ಲಿ ಸಣ್ಣ ಹಡಗನ್ನು ಕಿತ್ತು, ದೂರದ ಇನ್ನೊಂದು ಮೂಲೆಯಲ್ಲಿ ನೆಟ್ಟಳು. ನೆಟ್ಟು ಬೆರಳಿನಿಂದ ಅಮುಕಿ ಹಿಡಿದಳು.

"ಒ, ಹತ್ತು" ಎಂದಳು ಸುಗಂಧಿ. ಅವಳ ಸ್ವರ ಗಟ್ಟಿಯಾಗಿತ್ತು, ಕಣ್ಣು ತುಂಬಿತ್ತು.

ಅಲ್ಲಿ ಹಡಗಿರಲಿಲ್ಲ. ಆದರೂ ನಾನು ಗೋಳಿಟ್ಟೆ. ತೂತಿನಲ್ಲಿ ಹಡಗು ಎಲ್ಲಿ ನಿಂತಿದೆಯೆಂದು ನನ್ನ ತಂತಿಗಳಿಗೆ ತಿಳಿಯದು. ಆರಂಭದಲ್ಲಿ ಅವಳೇ ಗುಂಡಿ ಒತ್ತಿ ತಿಳಿಸಿದ್ದು ಮಾತ್ರ ಅವಕ್ಕೆ ಗೊತ್ತು.

"ಸುಳ್ಳ್ ಹೇಳ್ತ್ ಇದ್" ಎಂದಳು ಗುಲಾಬಿಯಮ್ಮ. "ಹಡಗ್ ಇಲ್ಲಿತ್. ಕಾಣ್, ಇಲ್ಲಿತ್."

ಸುಗಂಧಿ ಎದ್ದು ಬಂದು ತಾಯಿಯ ಪಕ್ಕ ಕುಳಿತಳು. ಆ ಬೆರಳಿನಡಿಯ ಹಡಗನ್ನು ನೋಡಿದಳು. ಮೆಲ್ಲಗೆ, "ಆಗಿ ಹೋದ ಮೇಲೆ ಕಿತ್ತ್ ಬೇರೆ ಕಡೆ ಇಟ್ರೆ ಉಳಿಯುದಿಲ್ಲ ಅಮ್ಮ" ಎಂದಳು. "ನಾನೂ ಇಷ್ಟ್ ದಿನ ಬೇಕಂದೇ ಬಿಟ್ಟದ್."

ತಾಯಿ ಮಗಳನ್ನು ದಿಟ್ಟಿಸಿ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ನನ್ನನ್ನು ಅಂಗಳಕ್ಕೆ ಎಸೆದರೂ ಎಸೆಯಬಹುದಿತ್ತು. ಒಳಗೆ ಮರಕಾಲರ ಕೆಮ್ಮು ಎದ್ದು, ಇಳಿಯಿತು. ಗುಲಾಬಿಯಮ್ಮ ಅದನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಬೆರಳು ತೆಗೆದಳು. ಹಡಗನ್ನು ಎತ್ತಿ ಅಂಗೈಯಲ್ಲಿಟ್ಟು, ಸೆರಗಿನಿಂದ ಒರೆಸಿ, ಆ ಮನೆಯಲ್ಲಿ ಯಾರೂ ಆಡದ ಮಾತನ್ನು ಆಡಿದಳು.

"ಮುಳುಗಿತ್."

ಎದ್ದುಹೋಗಿ ಗಂಡನಿಗೆ ಪುರೋಹಿತರನ್ನು ಕರೆಸಲು ಹೇಳಿದಳು. ತಡಮಾಡಬೇಡಿ, ನಾನೇ ಅಡಿಗೆ ಮಾಡುವೆ, ಬೇರೆ ಯಾರೂ ಒಲೆ ಮುಟ್ಟಕೂಡದು ಎಂದಳು.

ಹಾಗೆಯೇ ಮಾಡಿದಳು. ಕ್ರಿಯೆಯ ದಿನ ಮರಕಾಲರನ್ನು ಕುರ್ಚಿಯಲ್ಲಿ ಕೂರಿಸಿ ಕಡಲ ದಂಡೆಗೆ ಹೊತ್ತೊಯ್ದರು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಅವರು ಒದ್ದೆ ಬಟ್ಟೆಯಲ್ಲಿ ಮರಳಿದ ಮೇಲೆ, ಕಿಟಕಿಯ ಹಲಗೆಯ ಮೇಲಿಂದ ಅಂಗಳದ ಬಾಳೆಯೆಲೆ ನನಗೆ ಕಾಣುತ್ತಿತ್ತು. ಮರಕಾಲರು ತಮ್ಮ ಕೈಯಿಂದಲೇ ಅನ್ನವಿಟ್ಟರು. ಕಾಗೆಗಳು ತೆಂಗಿನ ಮರದಲ್ಲಿ ಕುಳಿತೇ ಇದ್ದವು. ಒಂದೂ ಇಳಿಯಲಿಲ್ಲ. ಅವನಿಗೆ ಏನೋ ಆಸೆ ಉಳಿದಿದೆ ಎಂದು ನೆಂಟರು ಪಿಸುಗುಟ್ಟಿದರು.

ಗುಲಾಬಿಯಮ್ಮ ಎಲೆಯ ಮುಂದೆ ಬಂದು ನಿಂತಳು.

"ಆಸೆ ಅವನದಲ್ಲ, ನನ್ನದ್" ಎಂದಳು. "ವಿಠಲ, ಇಷ್ಟ್ ವರ್ಷ ನಿನ್ನ ಕಟ್ಟಿ ಹಾಕದ್ ನಾನ್. ಇನ್ನ್ ಉಣ್ ಮಗಾ. ಉಂಡ್ ಹೋಗ್."

ಮನೆಯಿಂದ ಹೊರಡುವವರಿಗೆ ಯಾವ ತಾಯಿಯೂ ಹಾಗೆ ಹೇಳುವುದಿಲ್ಲ, 'ಹೋಗಿ ಬಾ' ಎನ್ನುತ್ತಾಳೆ. ಅವಳು 'ಬಾ' ಎನ್ನಲಿಲ್ಲ. ಹೇಳಿ, ಹಿಂದಕ್ಕೆ ಸರಿದು, ನೆಟ್ಟಗೆ ನಿಂತಳು. ಕಾಗೆಯೊಂದು ಇಳಿದು ಬಂತು.

ಮರಕಾಲರು ದೀಪಾವಳಿಗೆ ಮುಂಚೆ ನೆಮ್ಮದಿಯಿಂದ ತೀರಿಕೊಂಡರು. ಆಮೇಲೆ ನನ್ನನ್ನು ಯಾರೂ ಆಡಲಿಲ್ಲ. ಒಳಗಿನ ಸೆಲ್ ತೆಗೆಯಲು ಮರೆತರು. ಅವು ಒಡೆದು ರಸ ಸೋರಿ ನನ್ನ ತಂತಿಗಳನ್ನು ತಿಂದವು. ಈಗ ಬಾಲವಾಡಿಯ ಕಪಾಟಿನ ಮೇಲೆ ಇದ್ದೇನೆ. ಶನಿವಾರ ಸುಗಂಧಿ ಧೂಳು ಒರೆಸುತ್ತಾಳೆ. ಸಿಳ್ಳೂ ಇಲ್ಲ, ಸಿಡಿಲೂ ಇಲ್ಲ. ಒಬ್ಬ ತಾಯಿಯ ಎದುರು ಗೋಳಿಟ್ಟೆನಲ್ಲ ಎಂದು ಬಹಳ ದಿನ ನೊಂದಿದ್ದೆ. ಈಗ ಆ ನೋವಿಲ್ಲ. ದೇವರು ನನಗೆ ಕೊಟ್ಟದ್ದು ಮೂರೇ ಮಾತು, ಅವುಗಳಲ್ಲಿ ಸಮಾಧಾನದ ಮಾತು ಒಂದೂ ಇರಲಿಲ್ಲ. ಇದ್ದಿದ್ದರೆ ಅಂದು ಅದನ್ನೇ ಆಡುತ್ತಿದ್ದೆನೋ ಏನೋ. ಆಗ ಆ ಹುಡುಗ ಇಂದಿಗೂ ಹಸಿದಿರುತ್ತಿದ್ದ.