ಹಳೇದು ತಂದೀರೇನ್ರಿ

ಮೀನು ಮತ್ತೆ ಬಂತು, ಕಿತ್ತಳೆ ಬಣ್ಣದ್ದು, ಎಡತುದಿಯ ಲ್ಯಾಪ್‌ಟಾಪಿನಲ್ಲಿ ಬಾಲ ಅಲ್ಲಾಡಿಸಿ ಮರೆಯಾಯಿತು, ಪಕ್ಕದ್ದರಲ್ಲೂ ಅದೇ ಮೀನು, ಅದರಾಚೆಯದರಲ್ಲೂ ಅದೇ, ಸಾಲಾಗಿ ತೆರೆದಿಟ್ಟ ಅಷ್ಟೂ ಯಂತ್ರಗಳಲ್ಲಿ ಒಂದೇ ಸಮುದ್ರ, ಒಂದೇ ಮೀನು, ಚೂರು ಹಿಂದೆ ಚೂರು ಮುಂದೆ — ದುಬಾರಿಯದರಲ್ಲಿ ಅದರ ಮೈ ಮಿಂಚುತ್ತಿದೆ, ಈ ಅಗ್ಗದ್ದರಲ್ಲಿ ಬೂದಿ ಬಳಿದುಕೊಂಡಂತೆ ಕಾಣುತ್ತಿದೆ, ಸ್ವಲ್ಪ ಪಕ್ಕಕ್ಕೆ ಸರಿದು ನಿಂತರಂತೂ ಮೀನೂ ಇಲ್ಲ ಸಮುದ್ರವೂ ಇಲ್ಲ, ಬರೀ ಕಪ್ಪು. ಗೌತಮ ಹಾಗೆ ಒಮ್ಮೆ ಸರಿದ, ಮತ್ತೆ ನೇರಕ್ಕೆ ಬಂದು ನಿಂತ, ಮೀನು ಬಂತು, ಹೋಯಿತು, ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದಾನೋ ಅವನಿಗೇ ಗೊತ್ತಿಲ್ಲ, ಹೆಗಲ ಮೇಲಿನ ಚೀಲದ ಪಟ್ಟಿ ಜಾರಿತು, ಏರಿಸಿಕೊಂಡ. ಸರ್, ಈ ರೇಟಿಗೆ ಇದಕ್ಕಿಂತ ಛಲೋದು ಇಡೀ ಹುಬ್ಬಳ್ಳ್ಯಾಗ ಸಿಗೂದಿಲ್ರಿ, ಎನ್ನುತ್ತಿದ್ದಾನೆ ಅಂಗಡಿಯ ತರುಣ, ವಿಶಾಲ ಎಂದು ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡವನು, ಎಂಟು ಜಿಬಿ ರ್ಯಾಮ್ ಐತ್ರಿ, ವರ್ಷ ವಾರಂಟಿ, ಬ್ಯಾಗ್ ಫ್ರೀ, ಮೌಸ್ ಫ್ರೀ, ದೀಪಾವಳಿ ಸೇಲ್ ನಾಳಿಗೆ ಮುಗೀತೈತ್ರಿ, ಮಗಳಿಗೆ ಅಂದ್ರೆಲ್ರಿ, ಬಿಸಿಎ ಅಂದ್ರಿ, ಸಾಕಾಗತೈತ್ರಿ ಮೂರೂ ವರ್ಷಕ್ಕ. ಹಳೇದು ತಂದೀರೇನ್ರಿ? ಎಕ್ಸ್‌ಚೇಂಜಿಗೆ ಕೊಟ್ರ ಇನ್ನೂ ಕಡಿಮಿ ಮಾಡಿ ಕೊಡ್ತೀವ್ರಿ. ಗೌತಮ ತಲೆಯಾಡಿಸಿದ, ತಂದೇನಿ ಎಂದು ಬಾಯಿಬಿಟ್ಟು ಅಂದನೋ ಇಲ್ಲವೋ, ಈಚೆಗೆ ಹೀಗೇ, ಆಡಿದ ಮಾತೂ ಆಡದ ಮಾತೂ ಒಂದೇ ಆಗಿಬಿಟ್ಟಿವೆ.

ತಂದಿದ್ದಾನೆ, ಹೆಗಲಿಗೆ ತೂಗುತ್ತಿರುವುದು ಅದೇ, ಪೂನಮ್‌ಳದು, ಮಳೆಗಾಲದಲ್ಲಿ ತೀರಿಕೊಂಡ ಹೆಂಡತಿಯದು, ಇಟ್ಟಿಗೆಯಂಥ ಲ್ಯಾಪ್‌ಟಾಪು, ಬ್ಯಾಟರಿ ಸತ್ತು ಎಷ್ಟೋ ವರ್ಷವಾಯಿತು, ವೈರು ಕಿತ್ತರೆ ಆರಿಹೋಗುತ್ತದೆ, ಹಚ್ಚಿ ಚಹಾಕ್ಕೆ ಇಟ್ಟು ಬಂದರೆ ಚಹಾ ಮೊದಲು ಆಗುತ್ತದೆ. ಬೆಳಿಗ್ಗೆ ರಾಯಾಪುರದ ಮನೆಯ ಬಾಗಿಲಲ್ಲಿ ನಿಂತು ಮಾಯಾ ಈ ಚೀಲ ಕೊಟ್ಟಳು, ಇದ್ದದ್ದೆಲ್ಲಾ ಪೆನ್‌ಡ್ರೈವಿಗೆ ಹಾಕೇನಿ, ಕೊಟ್ಟ ಬಂದಬಿಡು ಪಪ್ಪಾ, ಇಟ್ಕೊಂಡು ಏನ್ ಮಾಡೂದೈತಿ, ಎಂದಳು, ನೆಲ ನೋಡಿಕೊಂಡು ಎಂದಳು, ಎಡಗೈಯಿಂದ ಕೊಟ್ಟಳು. ಎಡಗೈಲೆ ಏನೂ ಕೊಡಬಾರದವಾ, ಪೂನಮ್ ಇದ್ದಿದ್ದರೆ ಬಿಡುತ್ತಿರಲಿಲ್ಲ, ಉಪ್ಪಿನ ಡಬ್ಬಿಯಿರಲಿ ಬಸ್ಸಿನ ಚಿಲ್ಲರೆಯಿರಲಿ, ಹಿಂದಕ್ಕೆ ತೆಗೆಸಿ ಬಲಗೈಯಿಂದ ಕೊಡಿಸಿಯೇ ತೀರುವವಳು. ಗೌತಮ ಚೀಲ ಹೆಗಲಿಗೆ ಹಾಕಿಕೊಂಡು ನಡೆದ, ಅವಲಕ್ಕಿ ತಿಂದ ಕೈ, ತೊಳೆದಿಲ್ಲ, ಅದಕ್ಕೇ ಬಲಗೈ ಬೆನ್ನ ಹಿಂದೆ ಇಟ್ಟುಕೊಂಡಿದ್ದಾಳೆ ಎಂದುಕೊಂಡ, ಹಾಗೆಂದುಕೊಂಡಿದ್ದೂ ಚಿಗರಿ ಬಸ್ಸಿನಲ್ಲಿ ಕೂತ ಮೇಲೆ, ನವನಗರ ದಾಟಿದ ಮೇಲೆ. ಬಸ್ಸಿನ ಎಸಿ ಮುಖಕ್ಕೆ ಹೊಡೆಯುತ್ತಿತ್ತು, ತಣ್ಣಗಿದೆ ಎಂದು ಗೊತ್ತಾಯಿತು, ಅಷ್ಟೆ. ಉಣಕಲ್ ಕೆರೆ ಬಂತು, ಹೋಯಿತು, ಚೀಲ ತೊಡೆಯ ಮೇಲಿತ್ತು. ಮಗಳಿಗೆ ಇಷ್ಟು ಸುಲಭವಾಯಿತಲ್ಲ ಎಂದು ಅವನಿಗೆ ಬೇಜಾರಾಗಬೇಕಿತ್ತು, ಒಳ್ಳೆಯದಾಯಿತು ಎಂದಾದರೂ ಅನ್ನಿಸಬೇಕಿತ್ತು, ಎರಡೂ ಆಗಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಊಟಕ್ಕೆ ಕೂತು ಕೆನ್ನೆಯನ್ನೇ ಕಚ್ಚಿಕೊಂಡರೂ ತಿಳಿಯುವುದಿಲ್ಲವಲ್ಲ, ಹಾಗೆ.

ಹಿಂದ ತಿರುವಿ ನೋಡ್ರಿ, ಎಂದಳು ಪೂನಮ್. ಎಲ್ಲಿಂದ ಎಂದಳು, ತಲೆಯೊಳಗಿಂದ, ಅವಳು ಯಾವ ಸಾಮಾನು ಕೊಂಡರೂ ಮೊದಲು ಅಂಡು ನೋಡುವವಳು, ಸ್ಟೀಲಿನ ಡಬರಿಯನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ತಳ ತೆಳ್ಳಗೈತ್ರಿ, ಬ್ಯಾಡ, ಎಂದು ಅಂಗಡಿಯವನ ಎದುರೇ ಹೇಳಿಬಿಡುವವಳು, ಗೌತಮ ನಾಚಿಕೊಂಡು ಹೊರಗೆ ಹೋಗಿ ನಿಲ್ಲುತ್ತಿದ್ದ. ಈಗ ಅವನೇ ಆ ಅಗ್ಗದ ಲ್ಯಾಪ್‌ಟಾಪನ್ನು ಎತ್ತಿದ, ಕಳ್ಳತನ ತಡೆಯಲು ಕಟ್ಟಿದ ವೈರು ಎಳೆದು ಹಿಡಿಯಿತು, ಇದ್ದಷ್ಟು ಉದ್ದಕ್ಕೇ ಬೋರಲು ಮಾಡಿ ಗೆಣ್ಣಿನಿಂದ ಬಡಿದ. ಪೊಳ್ಳು ಸದ್ದು. ವಿಶಾಲನಿಗೆ ಗಾಬರಿ, ಸರ್ ಅದನ್ನ ಹಂಗ ನೋಡೂದಲ್ರಿ, ಎಂದು ಮೆಲ್ಲಗೆ ಇಸಿದುಕೊಂಡು ನೇರ ಮಾಡಿ ಇಟ್ಟ, ಪ್ಲಾಸ್ಟಿಕ್ ಬಾಡಿ ಐತ್ರಿ, ಈ ರೇಟಿಗೆ ಅದ ಬರೂದ್ರಿ, ಆದ್ರ ಹಗರ ಐತ್ರಿ, ಮಕ್ಕಳು ಕಾಲೇಜಿಗೆ ಒಯ್ಯಾಕ ಛಲೋ. ಹಗುರ ಹೌದು. ಮಾಯಾಳ ಹೆಗಲಿಗೆ ಹಗುರ. ಹಗುರ ಇದ್ದದ್ದು ಎಷ್ಟು ದಿನ ಬಾಳುತ್ತದೆ ಎಂದು ಕೇಳಬೇಕಾದವಳು ಇಲ್ಲ, ಗೌತಮನಿಗೆ ಕೇಳಲು ಬರುವುದಿಲ್ಲ, ಕಚೇರಿಯಲ್ಲಿ ದಿನವಿಡೀ ಟಿಪ್ಪಣಿ ಬರೆಯುವ ಗುಮಾಸ್ತ ಅವನು, ಅಂಗಡಿಯಲ್ಲಿ ಬಾಯಿ ಕಟ್ಟುತ್ತದೆ.

ಕೀ ಹೆಂಗದಾವು ನೋಡ್ರಿ, ಹೊಡೀರಿ ಬೇಕಾದ್ರ, ಎಂದು ವಿಶಾಲ ಒಂದು ಖಾಲಿ ಹಾಳೆಯನ್ನು ತೆರೆದುಕೊಟ್ಟ, ಮೀನು ಹೋಯಿತು, ಪರದೆ ಬೆಳ್ಳಗಾಯಿತು, ಕೀಗಳು ಕರ್ರಗೆ, ಹೊಚ್ಚ ಹೊಸವು, ಒಂದೊಂದರ ಮೇಲೂ ಬಿಳಿ ಅಕ್ಷರ, ಎಫ್ ಕೂಡ ಅಲ್ಲೇ ಇದೆ, ಅಡಿಗೊಂದು ಸಣ್ಣ ಗೀರು, ಯಾರ ಉಗುರೂ ತಾಗದ ಎಫ್. ಪೂನಮ್‌ಳ ಎಫ್ ಹೀಗಿಲ್ಲ. ಅವಳದರಲ್ಲಿ ಅಕ್ಷರ ಅಳಿಸಿ ಎಷ್ಟೋ ವರ್ಷವಾಗಿ, ಎಡಗೈ ತೋರುಬೆರಳು ಬಿದ್ದು ಬಿದ್ದು, ಹೊಸ್ತಿಲಿನ ಕಲ್ಲು ಸವೆದಂತೆ ನಡುವೆ ತಗ್ಗಾಗಿದೆ, ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಹೊಳೆಯುತ್ತದೆ, ಸುತ್ತಲಿನ ಕೀಗಳೆಲ್ಲ ಒರಟು, ಅದೊಂದು ನುಣುಪು. ಸಪ್ತಾಪುರದ ಜೆರಾಕ್ಸ್ ಅಂಗಡಿಗಳಿಂದ ಪಿಎಚ್‌ಡಿ ಹುಡುಗರ ಕೈಬರಹ ಬರುತ್ತಿತ್ತು, ಮನೆಯಲ್ಲೇ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದಳು, ಒಲೆಯ ಮೇಲೆ ಬೇಳೆ, ಮೇಜಿನ ಮೇಲೆ ಯಾರದೋ ಪ್ರಬಂಧ, ಕಿವಿ ಎರಡೂ ಕಡೆ. ನುಡಿಯಲ್ಲಿ ಎಫ್ ಅಂದರೆ ಅಕ್ಷರವಲ್ಲ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಹೊಡೆಯಬೇಕು, ಅರ್ಧಕ್ಕೆ ನಿಲ್ಲುವ ಅಕ್ಷರಕ್ಕೂ ಎಫ್ ಬೇಕು, ಅದಿಲ್ಲದೆ ಕನ್ನಡದ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಒಂದು ಭಾನುವಾರ ಗೌತಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದಳು, ನೋಡ್ರಿ, ಅಪ್ಪ, ಅವ್ವ, ಅಕ್ಕ, ಅಣ್ಣ, ತಮ್ಮ, ಎಫ್ ಇಲ್ಲಂದ್ರ ಮನ್ಯಾಗ ಯಾರೂ ಇರೂದಿಲ್ಲ, ಅನ್ನಾನೂ ಇರೂದಿಲ್ಲ. ತನ್ನ ಮಾತಿಗೆ ತಾನೇ ನಕ್ಕಳು. ಗೌತಮ ಎಂದು ಹೊಡೆದು ತೋರಿಸಿದಳು, ಮಾಯಾ ಎಂದು ಹೊಡೆದಳು, ನೀವಿಬ್ರೂ ಎಫ್ ಇಲ್ದನ ಉಳೀತೀರಿ ನೋಡ್ರಿ, ನನಗ ಮಾತ್ರ ಬೇಕು, ಇಲ್ಲಂದ್ರ ನಾ ಪೂನಮ ಆಗಿಬಿಡತೇನಿ, ಅದ್ಯಾರೋ ಬ್ಯಾರೇದಾಕಿ.

ಅವನ ಬೆರಳು ಹೊಸ ಕೀಗಳ ಮೇಲೆ ಹೋದವು, ಪಿ, ದೊಡ್ಡ ಯು, ಎನ್, ಎಂ, ಎಫ್, ಬೆರಳಿಗೇ ನೆನಪಿತ್ತು, ಪರದೆಯ ಮೇಲೆ ಐದು ಇಂಗ್ಲಿಷ್ ಅಕ್ಷರ ಬಿದ್ದವು, ಯಾವ ಭಾಷೆಯಲ್ಲೂ ಅರ್ಥವಿಲ್ಲದವು, ಅವನೊಬ್ಬನಿಗೆ ಗೊತ್ತಿರುವವು. ನುಡಿ ಹಾಕಿದ್ರ ನಡೀತೈತೇನ್ರಿ ಇದರಾಗ, ಎಂದು ಕೇಳಿದ, ಎಲ್ಲಾ ನಡೀತೈತ್ರಿ ಸರ್, ಗೇಮ್ ಅಷ್ಟ ಸ್ವಲ್ಪ ಸ್ಲೋ, ಎಂದ ವಿಶಾಲ, ಆ ಐದು ಅಕ್ಷರವನ್ನು ಅಳಿಸಿಬಿಟ್ಟ, ಅಳಿಸುವುದು ಅವನ ಕೆಲಸ, ಮುಂದಿನ ಗಿರಾಕಿಗೆ ಹಾಳೆ ಖಾಲಿ ಇರಬೇಕು. ಆಗಲೂ ಏನೂ ಆಗಲಿಲ್ಲ. ಜ್ವರ ಎಂದು ಆಸ್ಪತ್ರೆಗೆ ಒಯ್ದ ದಿನ ಅವಳು ಆಟೋದಲ್ಲಿ ಕೂತು ಲ್ಯಾಪ್‌ಟಾಪು ಬಂದ್ ಮಾಡಿದ್ರೇನ್ರಿ ಎಂದು ಕೇಳಿದ್ದಳು, ಹ್ಞೂಂ ಎಂದಿದ್ದ, ಮಾಡಿರಲಿಲ್ಲ, ವಾರವಿಡೀ ಅದು ಹಾಗೇ ಉರಿಯುತ್ತಿತ್ತು, ಅವಳನ್ನು ಮಣ್ಣುಮಾಡಿ ಬಂದು ನೋಡಿದರೆ ಅರ್ಧ ಟೈಪಾದ ಸಾಲು, ಯಲ್ಲೇಶ ಎಂಬ ಹುಡುಗನ ಪ್ರಬಂಧ. ಆ ಹುಡುಗ ಕೆಲವು ದಿನ ಬಿಟ್ಟು ಬಂದ, ಚಪ್ಪಲಿ ಬಿಟ್ಟು ಹೊರಗೇ ನಿಂತ, ಅಕ್ಕಾರ ಹತ್ರ ನಂದೊಂದು ಚಾಪ್ಟರ್ ಉಳದೈತ್ರಿ ಎಂದು ಹೇಳಿ ನಾಚಿಕೆಯಿಂದ ಅಳತೊಡಗಿದ, ಗೌತಮನೇ ಅವನಿಗೆ ನೀರು ಕೊಟ್ಟ. ಬಂದವರೆಲ್ಲ ಅತ್ತರು. ಅಕ್ಕ ಕಸ್ತೂರೆವ್ವ ಮಾಳಮಡ್ಡಿಯಿಂದ ಬಂದು ಕೂತು, ಅತ್ತಬಿಡೋ ತಮ್ಮಾ, ಒಮ್ಮೆ ಅತ್ತರ ಹಗರಾಗತೈತಿ, ಎಂದು ಬೆನ್ನು ಸವರಿದಳು, ಅವನು ಕಣ್ಣು ಒತ್ತಿ ನೋಡಿದ, ಒಣಗಿತ್ತು. ಮಾಯಾಳೂ ಅಳಲಿಲ್ಲ, ಅಥವಾ ಅವನೆದುರು ಅಳಲಿಲ್ಲ, ಅಡುಗೆ ಮಾಡಿದಳು, ಬಟ್ಟೆ ಮಡಿಚಿದಳು, ಇಬ್ಬರೂ ಒಂದೇ ಮನೆಯಲ್ಲಿ ಎರಡು ಬಾಡಿಗೆದಾರರಂತೆ ಇದ್ದರು. ಒಮ್ಮೆ ಮಾತ್ರ, ಊಟ ಮಾಡುತ್ತಾ, ಮಮ್ಮಿ ಕನ್ನಡ ಹೊಡಿಯಾಕತ್ತಾಳೋ ಇಂಗ್ಲಿಷ್ ಹೊಡಿಯಾಕತ್ತಾಳೋ ನನಗ ಮಲಗಿದಲ್ಲೇ ಗೊತ್ತಾಗತಿತ್ತು ಪಪ್ಪಾ, ಕನ್ನಡ ಇದ್ರ ಒಂದ ಕೀ ಜೋರಾಗಿ ಕೇಳತಿತ್ತು, ಎಂದಳು. ಯಾವ ಕೀ ಎಂದು ಇವನು ಕೇಳಬಹುದಿತ್ತು. ಉಪ್ಪು ಕೊಡು ಎಂದ. ಅವಳು ಕೊಟ್ಟಳು, ಬಲಗೈಯಿಂದ.

ಹಂಗಾದ್ರ ಹಳೇದು ತಗೀರಿ ಸರ್, ನೋಡೂಣು, ಎಂದು ವಿಶಾಲ ಕೌಂಟರಿನ ಕಡೆ ನಡೆದ, ಗೌತಮ ಹಿಂದೆಯೇ ಹೋದ. ಇದಿಷ್ಟು ಮುಗಿಸಿದರೆ ಮುಗಿಯಿತು, ಹೊಸದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದರೆ ಊಟದ ಹೊತ್ತಿಗೆ ಮನೆ, ಮಗಳ ಕೆಲಸ ಆಗುತ್ತದೆ, ಹಳೆಯದು ಯಾರ ಕೈಗೆ ಹೋಗುತ್ತದೋ, ಬಿಚ್ಚಿ ಭಾಗ ಮಾಡುತ್ತಾರಂತೆ, ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ, ಆ ಎಫ್ ಯಾವ ರಾಶಿಗೆ ಬೀಳುತ್ತದೋ. ಅದೊಂದು ಯೋಚನೆ ಮಾತ್ರ ರಾತ್ರಿಯಿಂದ ಬಂದು ಬಂದು ಹೋಗುತ್ತಿದೆ, ಮಲಗುವ ಮುಂಚೆ ಮುಚ್ಚಳ ಎತ್ತಿ ನೋಡಿದ್ದ, ಅಲ್ಲೇ ಇತ್ತು, ನುಣ್ಣಗೆ, ಮುಟ್ಟಬೇಕು ಅನ್ನಿಸಿತ್ತು, ಮುಟ್ಟಲಿಲ್ಲ, ಈ ಮನೆಯಲ್ಲಿ ಅದನ್ನು ನೋಡುವವನು ತಾನೊಬ್ಬನೇ, ತಾನು ಬಿಟ್ಟರೆ ಅದನ್ನು ಕೇಳುವವರಿಲ್ಲ, ಹೋಗಲಿ ಎಂದು ಮುಚ್ಚಿದ್ದ. ಚೀಲದಿಂದ ತೆಗೆದು ಗಾಜಿನ ಮೇಲೆ ಇಟ್ಟ. ಮಾಯಾ ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟಿದ್ದಾಳೆ, ಮುಚ್ಚಳದ ಮೇಲೆ ಒರೆಸಿದ ಸುತ್ತುಸುತ್ತು ಗುರುತು. ವಿಶಾಲ ವೈರು ಚುಚ್ಚಿ ಮುಚ್ಚಳ ಎತ್ತಿದ, ನೋಡಿದ, ತಲೆ ಬಗ್ಗಿಸಿ ಮತ್ತೆ ನೋಡಿದ, ಪಾಪ, ಬೇಜಾರು ಮಾಡಿಕೊಂಡೇ ಹೇಳಿದ. ಸರ್, ಇದರಾಗ ಒಂದ್ ಕೀ ಇಲ್ಲಲ್ರಿ. ಎಫ್ ಇಲ್ರಿ.

ಇಲ್ಲ. ಡಿ ಇದೆ, ಜಿ ಇದೆ, ನಡುವೆ ಒಂದು ಚೌಕ ತಗ್ಗು, ಒಳಗೆ ಬಟಾಣಿಯಷ್ಟು ಬಿಳಿ ರಬ್ಬರು, ಅಂಚಿನಲ್ಲಿ ಚಮಚದ ತುದಿಯಿಂದ ಮೀಟಿದಂಥ ಹಸಿ ಗೀರು. ಗೌತಮ ಬೆರಳಿಟ್ಟ. ರಬ್ಬರು ಮೆತ್ತಗಿತ್ತು, ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬಂತು, ಮೆತ್ತಗಿದೆ ಎಂದು ಬೆರಳಿಗೆ ತಿಳಿಯಿತು, ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಒಳಕ್ಕೆ ಬಂತು, ಎಷ್ಟೋ ತಿಂಗಳಾಗಿತ್ತು ಏನಾದರೂ ಹೀಗೆ ಬಂದು. ಎಲ್ಲೆರ ಮನ್ಯಾಗ ಬಿದ್ದಿರಬೇಕ್ರಿ, ಹುಡುಕಿ ತಂದ್ರ ಹಳೇದರ ರೇಟ್ ಕಮ್ಮಿ ಮಾಡೂದಿಲ್ರಿ, ನಾಳಿತನಕ ಟೈಮ್ ಐತ್ರಿ, ಎನ್ನುತ್ತಿದ್ದಾನೆ ವಿಶಾಲ, ಅವನ ಹಿಂದೆ ಲ್ಯಾಪ್‌ಟಾಪುಗಳ ಸಾಲಿನ ತುಂಬ ಮೀನು, ಒಂದೇ ಮೀನು. ಅದು ಕಳದಿಲ್ಲ, ಎಂದ ಗೌತಮ. ಏನ್ರಿ ಸರ್? ಕಳದಿಲ್ಲ, ಎಂದ ಮತ್ತೆ, ಮುಚ್ಚಳ ಮುಚ್ಚಿ ತನ್ನ ಕಡೆಗೆ ಎಳೆದುಕೊಂಡ, ಹೊಸದೊಂದು ಕಟ್ಟಿಕೊಡ್ರಿ ಎನ್ನಬೇಕು, ಹಳೇದು ಕೊಡೂದಿಲ್ಲ ಎನ್ನಬೇಕು, ಅವಲಕ್ಕಿ ತಿಂದ ಕೈಯಲ್ಲ ಅದು, ಮಾಯಾ ಬೆಳಿಗ್ಗೆ ಏನೂ ತಿಂದಿರಲೇ ಇಲ್ಲ, ಬಾಗಿಲಲ್ಲಿ ನಿಂತಿದ್ದಾಳೆ, ಕೊಟ್ಟ ಬಂದಬಿಡು ಪಪ್ಪಾ ಎನ್ನುತ್ತಿದ್ದಾಳೆ, ನೆಲ ನೋಡುತ್ತಿದ್ದಾಳೆ, ಚೀಲ ಹಿಡಿದ ಎಡಗೈ ಮುಂದಕ್ಕೆ ಬಂದಿದೆ, ಬೆನ್ನ ಹಿಂದೆ ಬಲಗೈ, ಬಿಗಿಯಾಗಿ ಮುಚ್ಚಿದ ಬಲಗೈ, ಮುಚ್ಚಿದ ಕೈ —